ಆಟಿಸಂ ಇರುವವರು ಕೊಡಗಿನಲ್ಲಿ ಕೆಲಸ ಹುಡುಕುವ ಬಗೆ

ಕೊಡಗಿನಲ್ಲಿ ಕೆಲಸ ಕೇಳಿಕೊಂಡು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾರ ಮನೆಯವರು’ ಎಂಬುದು. ಮನೆ ಹೆಸರು ಹೇಳಿದೊಡನೆ ಅಜ್ಜನ ಕಾಲದ ಪರಿಚಯ, ಯಾವ ಊರಿನ ತೋಟ, ಯಾರಿಗೆ ಯಾರು ಹೇಗೆ ಸಂಬಂಧ ಎಂಬ ಮಾತುಕತೆ ಕಾಲು ಗಂಟೆ ನಡೆದು, ಓದು ಮತ್ತು ಅನುಭವದ ವಿಚಾರ ಕಾಫಿ ಕುಡಿದಾದ ಮೇಲೆ ಬರುತ್ತದೆ. ಆಟಿಸಂ (ಮಾತುಕತೆ, ಸದ್ದು, ಬದಲಾವಣೆಗಳನ್ನು ಬೇರೆ ಬಗೆಯಲ್ಲಿ ಗ್ರಹಿಸುವ, ಹುಟ್ಟಿನಿಂದ ಬಂದ ಸ್ಥಿತಿ) ಇರುವ ನನ್ನಂಥವರಿಗೆ ಆ ಕಾಲು ಗಂಟೆಯೇ ನಿಜವಾದ ಪರೀಕ್ಷೆ. ನಾನು ಅದರಲ್ಲಿ ಹಲವು ಬಾರಿ ಸೋತಿದ್ದೇನೆ. ಕೆಲಸ ಮಾಡುವುದರಲ್ಲಿ ಸೋತದ್ದು ಅದಕ್ಕಿಂತ ಕಡಿಮೆ. ಶಾಲೆ ಅಥವಾ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿರುವ ಆಟಿಸಂ ಇರುವವರಿಗೂ ಅವರ ಜೊತೆಗೆ ನಿಂತಿರುವ ಮನೆಯವರಿಗೂ ಉಪಯೋಗಕ್ಕೆ ಬರಲೆಂದು, ನಾನು ಎಡವಿ ಕಲಿತದ್ದನ್ನೂ ಕಾನೂನಿನಲ್ಲಿ ಇರುವುದನ್ನೂ ಇಲ್ಲಿ ಬರೆದಿದ್ದೇನೆ.

ಆಟಿಸಂ ಇರುವವರಿಗೆ ಯಾವ ಕೆಲಸ ಹೊಂದುತ್ತದೆ ಎಂದು ಕೇಳಿದರೆ ಹೆಚ್ಚಿನವರು ಕೆಲಸಗಳ ಹೆಸರನ್ನು ಹೇಳುತ್ತಾರೆ: ಕಂಪ್ಯೂಟರ್, ಲೆಕ್ಕಪತ್ರ, ಗ್ರಂಥಾಲಯ. ನಾನೂ ಹಾಗೆಯೇ ನಂಬಿ, ಲೆಕ್ಕ ಚೆನ್ನಾಗಿ ಬರುತ್ತದೆಂಬ ಕಾರಣಕ್ಕೆ ಒಂದು ಹೋಂಸ್ಟೇಯಲ್ಲಿ ರಿಜಿಸ್ಟರು ಮತ್ತು ಬಿಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಲಿಲ್ಲ. ಆದರೆ ದಿನದ ಹೆಚ್ಚಿನ ಭಾಗ ಲೆಕ್ಕವಾಗಿರಲಿಲ್ಲ. ಬಂದವರನ್ನು ನಗುಮುಖದಿಂದ ಎದುರುಗೊಳ್ಳುವುದು, ಒಬ್ಬರ ದೂರು ಕೇಳುತ್ತಿರುವಾಗಲೇ ಫೋನ್ ಎತ್ತುವುದು, ರಾತ್ರಿ ಹನ್ನೊಂದಕ್ಕೆ ಬಂದು ತಲುಪುವ ಕಾರಿಗೆ ದಾರಿ ಹೇಳುವುದು ಇವೇ ಕೆಲಸವಾಗಿದ್ದವು. ಎಂಟನೆಯ ತಿಂಗಳಲ್ಲಿ ನಾನು ಹಾಸಿಗೆಯಿಂದ ಏಳಲಾರದಷ್ಟು ದಣಿದಿದ್ದೆ. ‘ನಿನ್ನ ಲೆಕ್ಕ ಸರಿ ಇದೆ, ಮುಖ ಸರಿ ಇಲ್ಲ’ ಎಂದು ಮಾಲೀಕರು ಹೇಳಿದ ಮಾತು ಆಗ ನೋಯಿಸಿತ್ತು. ಈಗ ಯೋಚಿಸಿದರೆ ಆ ಕೆಲಸದ ವಿವರಣೆಯನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ನಾನು ಕೆಲಸದ ಹೆಸರು ಕೇಳುವುದನ್ನು ಬಿಟ್ಟು, ಆ ಕೆಲಸದ ಒಂದು ದಿನವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡಿಸಿ ಕೇಳುತ್ತೇನೆ. ಎಷ್ಟು ಜನರ ನಡುವೆ, ಯಾವ ಸದ್ದಿನಲ್ಲಿ, ಯಾರ ಅಪ್ಪಣೆಯಂತೆ, ದಿನಕ್ಕೆ ಎಷ್ಟು ಸಲ ಕೈಯಲ್ಲಿರುವುದನ್ನು ಬಿಟ್ಟು ಬೇರೆಯದನ್ನು ಹಿಡಿಯಬೇಕು ಎಂಬುದು ತಿಳಿದರೆ ಅರ್ಧ ಹುಡುಕಾಟ ಮುಗಿದಂತೆ.

ಮೊದಲು ನಿಮ್ಮ ದಿನವನ್ನು ಬರೆಯಿರಿ

ಕೆಲಸದ ದಿನವನ್ನು ಅಳೆಯಬೇಕಾದರೆ ಅಳತೆಗೋಲು ನಿಮ್ಮದೇ ದಿನವಾಗಿರಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಬರೆಯಿರಿ: ಎಷ್ಟು ಗಂಟೆಗೆ ಏನು ಮಾಡಿದಿರಿ, ಸುತ್ತ ಯಾರಿದ್ದರು, ಯಾವ ಸದ್ದು, ವಾಸನೆ, ಬೆಳಕು ಇತ್ತು, ಅದು ಮುಗಿದ ಮೇಲೆ ಮೈಮನಸ್ಸು ಹೇಗಿತ್ತು. ಬರೆಯಲು ಬಾರದವರ ಪರವಾಗಿ ಮನೆಯವರು ಬರೆಯಬಹುದು. ಆದರೆ ‘ಹಟ ಮಾಡಿದ’, ‘ಸುಮ್ಮನೆ ಕೂತಿದ್ದ’ ಎಂಬ ತೀರ್ಪಿನ ಮಾತುಗಳನ್ನು ಬಿಟ್ಟು ಕಂಡದ್ದನ್ನಷ್ಟೇ ಬರೆಯಬೇಕು. ‘ಮಿಕ್ಸಿ ಹಾಕಿದಾಗ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದ, ಇಪ್ಪತ್ತು ನಿಮಿಷ ಕಳೆದು ತಾನಾಗಿ ಬಂದ’ ಎಂಬ ವಾಕ್ಯ ಕೆಲಸ ಹುಡುಕಲು ನೆರವಾಗುತ್ತದೆ, ‘ಹಟ’ ಎಂಬ ಪದ ನೆರವಾಗದು.

ಈ ದಾಖಲೆಯನ್ನು ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬರೆಯುವುದು ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಶೀಟಿನ ಮಾಡಿನ ಮೇಲೆ ಎಡೆಬಿಡದೆ ಬೀಳುವ ಮಳೆಯ ಸದ್ದು ಕೆಲವರಿಗೆ ಜೋಗುಳದಂತಿರುತ್ತದೆ, ಕೆಲವರಿಗೆ ತಲೆಯೊಳಗೆ ಮೊಳೆ ಹೊಡೆದಂತಿರುತ್ತದೆ. ಒದ್ದೆ ಬಟ್ಟೆ ಮೈಗೆ ಅಂಟುವುದನ್ನು ಕ್ಷಣಮಾತ್ರವೂ ಸಹಿಸದವರಿಗೆ ತೋಟದ ಹೊರಗೆಲಸ ಜನವರಿಯಲ್ಲಿ ಹಿತವಾಗಿ ಕಂಡು ಜುಲೈಯಲ್ಲಿ ಅಸಾಧ್ಯವಾಗಬಹುದು.

ಎರಡು ವಾರದ ಪುಟಗಳನ್ನು ಓದಿದಾಗ ನಿಮ್ಮ ಆಸಕ್ತಿಗಳು ಕಾಣುತ್ತವೆ, ಆದರೆ ಆಸಕ್ತಿಯ ವಸ್ತುವನ್ನೇ ಉದ್ಯೋಗವೆಂದು ತಿಳಿಯುವ ಅವಸರ ಬೇಡ. ಮಡಿಕೇರಿ ನಿಲ್ದಾಣದಿಂದ ಹೊರಡುವ ಎಲ್ಲ ಬಸ್ಸುಗಳ ಸಮಯ ಬಾಯಿಪಾಠವಾಗಿರುವ ಯುವಕನನ್ನು ಕಂಡಕ್ಟರ್ ಆಗೆಂದು ಹುರಿದುಂಬಿಸುವವರು ಇದ್ದಾರೆ. ಕಂಡಕ್ಟರನ ದಿನ ನೂಕುನುಗ್ಗಲು, ಚಿಲ್ಲರೆಯ ಜಗಳ, ಹಾರ್ನ್ ಮತ್ತು ತಡವಾಗುವ ಬಸ್ಸು. ಸಮಯವನ್ನು ಪ್ರೀತಿಸುವವನಿಗೆ ತಡವಾಗುವ ಬಸ್ಸಿಗಿಂತ ದೊಡ್ಡ ಹಿಂಸೆಯಿಲ್ಲ. ಆ ಯುವಕನಲ್ಲಿ ನೋಡಬೇಕಾದದ್ದು ಬಸ್ಸನ್ನಲ್ಲ, ಪಟ್ಟಿಯನ್ನು: ಒಂದು ದೊಡ್ಡ ಪಟ್ಟಿಯನ್ನು ತಪ್ಪಿಲ್ಲದೆ ನೆನಪಿಡುವ, ಅದರಲ್ಲಿ ಆದ ಬದಲಾವಣೆಯನ್ನು ತಕ್ಷಣ ಗುರುತಿಸುವ ಶಕ್ತಿ ಅಂಗಡಿಯ ದಾಸ್ತಾನಿನಲ್ಲೋ ಔಷಧಿ ಮಳಿಗೆಯ ಹಿಂಬದಿಯಲ್ಲೋ ಕಚೇರಿಯ ಕಡತಗಳಲ್ಲೋ ಬೆಲೆ ಪಡೆಯುತ್ತದೆ.

ತೋಟದಲ್ಲಿ, ಕಣದಲ್ಲಿ, ಗೋಡೌನಿನಲ್ಲಿ

ಕೊಡಗಿನಲ್ಲಿ ಕೆಲಸವೆಂದರೆ ಬಹುಪಾಲು ಕಾಫಿ ಮತ್ತು ಅದರ ಸುತ್ತಲಿನದು. ಈ ಕೆಲಸಗಳ ಒಳಗೆ ಆಟಿಸಂ ಇರುವವರಿಗೆ ಚೆನ್ನಾಗಿ ಹೊಂದುವವೂ ಇವೆ, ದೂರದಿಂದ ಹೊಂದುವಂತೆ ಕಂಡು ಹತ್ತಿರದಿಂದ ಕೈಸುಡುವವೂ ಇವೆ.

ಕೈಸುಡುವುದರಲ್ಲಿ ಮೊದಲನೆಯದು ರೈಟರ, ಅಂದರೆ ತೋಟದ ಗುಮಾಸ್ತರ, ಕೆಲಸ. ಹಾಜರಿ ಬರೆಯುವುದು, ತೂಕ ಬರೆಯುವುದು, ಕೂಲಿ ಲೆಕ್ಕ ಹಾಕುವುದು ಎಂದು ಕೇಳಿದರೆ ಅಂಕಿಗಳನ್ನು ಪ್ರೀತಿಸುವವರಿಗಾಗಿಯೇ ಮಾಡಿದ ಕೆಲಸದಂತೆ ಕಾಣುತ್ತದೆ. ಆದರೆ ಕೊಯ್ಲಿನ ಕಾಲದಲ್ಲಿ ಸಂಜೆಯ ತೂಕದ ಹೊತ್ತನ್ನು ಒಮ್ಮೆ ನಿಂತು ನೋಡಿ. ಹತ್ತಾರು ಜನ ಚೀಲ ಹೊತ್ತು ಬಂದು ತಕ್ಕಡಿಯ ಸುತ್ತ ಒತ್ತೊತ್ತಾಗಿ ನಿಂತಿರುತ್ತಾರೆ, ಕತ್ತಲಾಗುತ್ತಿರುತ್ತದೆ, ಒಬ್ಬರು ತೂಕ ಕಡಿಮೆಯಾಯಿತೆಂದು ತಗಾದೆ ತೆಗೆಯುತ್ತಾರೆ, ಇನ್ನೊಬ್ಬರು ಮುಂಗಡ ಕೇಳುತ್ತಾರೆ, ಮೇಸ್ತ್ರಿ ಮತ್ತೊಂದು ಭಾಷೆಯಲ್ಲಿ ಕೂಗುತ್ತಿರುತ್ತಾರೆ, ಇದರ ನಡುವೆ ರೈಟರು ಅಂಕಿ ತಪ್ಪದಂತೆ ಬರೆಯಬೇಕು. ಇಡೀ ದಿನದ ಕೆಲಸ ಹೊಂದಿದರೂ ಆ ಒಂದು ಗಂಟೆ ಹೊಂದುವುದಿಲ್ಲ. ಹೀಗೆಂದು ಕೆಲಸವನ್ನೇ ಕೈಬಿಡಬೇಕಾಗಿಲ್ಲ. ತೂಕದ ಹೊತ್ತನ್ನು ಇನ್ನೊಬ್ಬರು ನೋಡಿಕೊಂಡು, ಆ ಪುಸ್ತಕವನ್ನು ಮರುದಿನ ಬೆಳಿಗ್ಗೆ ಖಾತೆಗೆ ಏರಿಸುವ, ಚೀಲಗಳ ಲೆಕ್ಕ, ಗೊಬ್ಬರ ಮತ್ತು ಔಷಧಿಯ ದಾಸ್ತಾನು ನೋಡುವ ಕೆಲಸವನ್ನು ಪ್ರತ್ಯೇಕವಾಗಿ ಕೇಳಬಹುದು. ದೊಡ್ಡ ತೋಟಗಳಲ್ಲಿ ಈ ವಿಂಗಡಣೆ ಸಾಧ್ಯ. ಹತ್ತು ಎಕರೆಯ ಮಾಲೀಕರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ತೀರ ಕಡೆಗಣಿಸಲಾದ ಕೆಲಸ ಕಾಂಡಕೊರಕ ಹುಡುಕುವುದು. ಅರೇಬಿಕಾ ಜಾತಿಯ ಕಾಫಿ ಗಿಡಗಳಿಗೆ ಬೀಳುವ ಬಿಳಿ ಕಾಂಡಕೊರಕದ ಹುಳು ಕಾಂಡದೊಳಗೆ ಕೊರೆದುಕೊಂಡು ಹೋಗುತ್ತದೆ. ಹೊರಗೆ ಕಾಣುವುದು ತೊಗಟೆಯ ಮೇಲೆ ಎದ್ದ ಸಣ್ಣ ಉಬ್ಬುಗೆರೆ, ಹಳದಿಯಾಗುವ ಎಲೆ, ಬಾಡುವ ತುದಿ. ಆ ಹುಳು ಬೆಳೆದು ದುಂಬಿಯಾಗಿ ಹಾರುವ ಕಾಲ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಆದುದರಿಂದ ಅದಕ್ಕೆ ಮುಂಚೆ, ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಹಿಡಿದು ಒಂದೊಂದು ಗಿಡವನ್ನೂ ನೋಡಿ ಹುಳು ತಗುಲಿದ್ದನ್ನು ಗುರುತು ಮಾಡಬೇಕು. ಸಾವಿರ ಗಿಡದಲ್ಲಿ ಬೇರೆಯಾಗಿ ಕಾಣುವ ಹತ್ತನ್ನು ಹೆಕ್ಕುವುದು ಎಲ್ಲರಿಗೂ ಬೇಸರ ತರುವ ಕೆಲಸ, ಬೇಸರ ಬಂದ ಕಣ್ಣು ಗಿಡವನ್ನು ಬಿಟ್ಟುಬಿಡುತ್ತದೆ. ಬೇಸರವಿಲ್ಲದೆ ಅದೇ ಕ್ರಮವನ್ನು ಮತ್ತೆ ಮತ್ತೆ ಮಾಡಬಲ್ಲವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ನೆರಳಿದೆ, ಮಾತು ಕಡಿಮೆ, ಆರಂಭವೂ ಮುಕ್ತಾಯವೂ ಸಾಲಿನಲ್ಲಿ ಸ್ಪಷ್ಟವಾಗಿದೆ. ವರ್ಷಪೂರ್ತಿ ಸಿಗದೆಂಬುದೊಂದೇ ಇದರ ಕೊರತೆ.

ನರ್ಸರಿಯ ಕೆಲಸ ಇದಕ್ಕಿಂತ ಸ್ಥಿರ. ಡಿಸೆಂಬರ್–ಜನವರಿಯಲ್ಲಿ ಮಡಿಯಲ್ಲಿ ಬೀಜ ಹಾಕುವುದು, ಅದರ ಮೇಲೆ ಭತ್ತದ ಹುಲ್ಲು ಮುಚ್ಚುವುದು, ಸುಮಾರು 45 ದಿನಕ್ಕೆ ಮೊಳೆತದ್ದನ್ನು ಪಾಲಿಥಿನ್ ಚೀಲಕ್ಕೆ ದಾಟಿಸುವುದು, ಚೀಲಕ್ಕೆ ತುಂಬುವ ಮಣ್ಣನ್ನು ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳಿನಂತೆ ಜರಡಿ ಹಿಡಿದು ಬೆರೆಸುವುದು ಎಲ್ಲಕ್ಕೂ ಅಳತೆಯಿದೆ. ಕೈಗೆ ಮಣ್ಣು ತಾಗುವುದನ್ನು ಸಹಿಸದವರು ಕೈಗವಸು ಹಾಕಿ ಒಂದು ದಿನ ಪ್ರಯತ್ನಿಸಿ ನಿರ್ಧರಿಸಬಹುದು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವೂ ಇಂಥ ಕೆಲಸದ ತಿಳಿವಳಿಕೆಗಾಗಿ ಹೋಗಿ ಕೇಳಬಹುದಾದ ಸ್ಥಳಗಳು.

ಕಣದಲ್ಲಿ ಕಾಫಿ ಒಣಗಿಸುವ ಕಾಲಕ್ಕೆ ತೇವಾಂಶ ನೋಡುವ ಕೆಲಸವೊಂದಿದೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸುವ ಪಾರ್ಚ್‌ಮೆಂಟ್ ಶೇ. 10ಕ್ಕೆ, ಹಣ್ಣನ್ನು ಇಡಿಯಾಗಿ ಒಣಗಿಸುವ ಚೆರ್ರಿಯಲ್ಲಿ ಅರೇಬಿಕಾ ಶೇ. 10.5ಕ್ಕೆ, ಇನ್ನೊಂದು ಜಾತಿಯಾದ ರೊಬಸ್ಟಾ ಶೇ. 11ಕ್ಕೆ ಬರುವವರೆಗೆ ಮೀಟರಿನಲ್ಲಿ ಅಳೆದು ಬರೆದಿಡಬೇಕು. ‘ಕಚ್ಚಿ ನೋಡಿದರೆ ಗೊತ್ತಾಗುತ್ತದೆ’ ಎನ್ನುವ ಹಿರಿಯರಿಗೂ ‘ಮೀಟರು 11.6 ಎನ್ನುತ್ತಿದೆ’ ಎನ್ನುವ ನನಗೂ ನಡೆದ ವಾದಗಳನ್ನು ಇಲ್ಲಿ ಬರೆಯುವುದಿಲ್ಲ. ಮೂಟೆಗೆ ಬೂಸರು ಬಂದ ವರ್ಷ ಅವು ನಿಂತವು. ಕುಶಾಲನಗರದ ಕಡೆಯ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ಮಾರಾಟಕ್ಕೆ ಸಿದ್ಧಗೊಳಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜ ಆರಿಸುವ, ಜರಡಿಯಲ್ಲಿ ಗಾತ್ರ ವಿಂಗಡಿಸುವ, ಮಾದರಿ ತೆಗೆದು ಔಟ್‌ಟರ್ನ್ (ಒಣ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆಂಬ) ಲೆಕ್ಕ ಹಾಕುವ ಕೆಲಸಗಳಿವೆ. ಇವುಗಳಲ್ಲಿ ಕೊನೆಯದು ಸಾಮಾನ್ಯವಾಗಿ ಪ್ರತ್ಯೇಕ ಕೋಣೆಯಲ್ಲಿ ನಡೆಯುತ್ತದೆ, ಉಳಿದವು ಯಂತ್ರಗಳ ಸದ್ದು ಮತ್ತು ದೂಳಿನ ನಡುವೆ. ಆದುದರಿಂದ ‘ಕ್ಯೂರಿಂಗಿನಲ್ಲಿ ಕೆಲಸವಿದೆ’ ಎಂಬ ಸುದ್ದಿ ಸಾಲದು, ಯಾವ ಮೂಲೆಯಲ್ಲಿ ಎಂದು ಕೇಳಬೇಕು.

ಹೋಂಸ್ಟೇ ಮತ್ತು ಹೋಟೆಲುಗಳಲ್ಲಿ ಮುಂಬಾಗಿಲಿನ ಕೆಲಸ ನನಗೆ ಒಗ್ಗಲಿಲ್ಲವೆಂದು ಹೇಳಿದೆ. ಹಿಂಬದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿ ಜೋಡಿಸುವುದು, ಮರುದಿನದ ತರಕಾರಿ ಹೆಚ್ಚಿಡುವುದು, ತೋಟಗಾರಿಕೆ, ಕೋಣೆಗಳನ್ನು ಪಟ್ಟಿಯಂತೆ ಸಿದ್ಧಗೊಳಿಸುವುದು ಹಲವರಿಗೆ ಒಗ್ಗುತ್ತದೆ. ಶನಿವಾರ–ಭಾನುವಾರ ಮತ್ತು ದಸರಾ ರಜೆಯಲ್ಲಿ ಅದೇ ಸ್ಥಳ ಬೇರೆ ಸ್ಥಳವಾಗಿಬಿಡುತ್ತದೆಂಬುದನ್ನು ನೆನಪಿಟ್ಟು, ಬುಧವಾರದಂದಲ್ಲ, ಶನಿವಾರದಂದು ಹೋಗಿ ನೋಡಿ ತೀರ್ಮಾನಿಸಬೇಕು.

ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಮತ್ತು ನೆಟ್‌ವರ್ಕ್ ಹೋಗುವ ಊರಿನಲ್ಲಿ ನೀವಿದ್ದರೆ, ಗಡುವು ವಾರಕ್ಕೊಮ್ಮೆ ಇರುವ ಕೆಲಸವನ್ನು ಒಪ್ಪಿಕೊಳ್ಳಿ, ಗಂಟೆಗೊಮ್ಮೆ ಇರುವುದನ್ನು ಬೇಡವೆನ್ನಿ. ಜಿಲ್ಲೆಯ ಹೊರಗೆ ಹೋಗಲು ಸಿದ್ಧರಿರುವವರಿಗೆ ಬೆಂಗಳೂರಿನಲ್ಲಿ ಬೇರೆ ಬಾಗಿಲುಗಳೂ ಇವೆ: ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಆಟಿಸಂ ಇರುವವರನ್ನೇ ಗುರಿಯಾಗಿಟ್ಟುಕೊಂಡ ನೇಮಕಾತಿ ಆರಂಭಿಸಿದಾಗ ಅದರ ಬೆಂಗಳೂರು ಕೇಂದ್ರವೂ ಮೊದಲಿನವುಗಳಲ್ಲಿ ಒಂದಾಗಿತ್ತು, 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಶುರುವಾಗಿ ಬೆಂಗಳೂರಿಗೂ ಬಂದ ಮಿಟ್ಟಿ ಕೆಫೆಯನ್ನು ನಡೆಸುವವರು ಅಂಗವೈಕಲ್ಯವುಳ್ಳವರೇ. ಬೆಂಗಳೂರಿನ ಸಂಬಳದ ಎದುರಿಗೆ ಬೆಂಗಳೂರಿನ ಸದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಿರ್ಧರಿಸಬೇಕು.

ಕಾಗದಪತ್ರಗಳ ವಿಚಾರ

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಅದರಲ್ಲಿ ಆಟಿಸಂ ಸ್ಪೆಕ್ಟ್ರಮ್ಮನ್ನೂ ಸೇರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿಯಲ್ಲಿ ಒಂದು ಪಾಲು, ಅಂದರೆ ಶೇ. 1, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ತೊಂದರೆ, ಮಾನಸಿಕ ಅಸ್ವಸ್ಥತೆ ಮತ್ತು ಬಹು ಅಂಗವೈಕಲ್ಯ ಇರುವವರಿಗೆ ಒಟ್ಟಾಗಿ ಸೇರಿದೆ. ಇದನ್ನು ಪಡೆಯಲು ಅಂಗವೈಕಲ್ಯ ಕನಿಷ್ಠ ಶೇ. 40 ಎಂದು ನಮೂದಿಸಿದ ಪ್ರಮಾಣಪತ್ರ ಬೇಕು. ಅರ್ಜಿ ಹಾಕುವ ಮೊದಲು ಅಧಿಸೂಚನೆಯಲ್ಲಿ ಆ ಹುದ್ದೆಯ ಎದುರಿಗೆ ಎ.ಎಸ್‌.ಡಿ. ಎಂಬ, ಆಟಿಸಂ ಸ್ಪೆಕ್ಟ್ರಮ್ಮನ್ನು ಸೂಚಿಸುವ ಅಕ್ಷರಗಳಿವೆಯೇ ಎಂದು ನೋಡಿ, ಏಕೆಂದರೆ ಎಲ್ಲ ಹುದ್ದೆಗಳನ್ನೂ ಎಲ್ಲ ವಿಭಾಗಗಳಿಗೆ ಗುರುತಿಸಿರುವುದಿಲ್ಲ. ಬರವಣಿಗೆಗೆ ಸಹಾಯಕರನ್ನು ಪಡೆಯಲು ಅರ್ಹರಾದವರಿಗೆ ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಅದನ್ನು ಅರ್ಜಿಯಲ್ಲಿಯೇ ಕೇಳಬೇಕು, ಪರೀಕ್ಷೆಯ ಬೆಳಿಗ್ಗೆ ಕೇಳಿದರೆ ಕೊಡುವವರಿಲ್ಲ.

ಪ್ರಮಾಣಪತ್ರ ಮತ್ತು ಯುಡಿಐಡಿ (ಅಂಗವಿಕಲರ ರಾಷ್ಟ್ರೀಯ ಗುರುತಿನ) ಕಾರ್ಡಿಗೆ ಅರ್ಜಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಿ, ನಂತರ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಬಳಸುವ ಮಾಪಕದಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ ಅಂಕ ಕೊಟ್ಟು ಒಟ್ಟು ಮಾಡುತ್ತಾರೆ. ಅದರ ಪ್ರಶ್ನೆಗಳು ಮಕ್ಕಳಿಗೆ ಹೊಂದುವಂತಿರುವುದರಿಂದ, ದೊಡ್ಡವರಾದ ಮೇಲೆ ಹೋಗುವವರು ಬಾಲ್ಯದ ವಿವರ ಬಲ್ಲ ಅಮ್ಮನನ್ನೋ ಚಿಕ್ಕಮ್ಮನನ್ನೋ ಜೊತೆಗೆ ಕರೆದೊಯ್ಯುವುದು, ಹಳೆಯ ಶಾಲಾ ವರದಿಗಳನ್ನು ಹಿಡಿದುಕೊಂಡಿರುವುದು ಮೇಲು. ದೊಡ್ಡವರಾದ ಮೇಲೆ ಮೊದಲ ಬಾರಿ ತಪಾಸಣೆ ಮಾಡಿಸಿಕೊಳ್ಳುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ವಿಚಾರಿಸಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ರೈಲಿಲ್ಲ. ಹೋದ ದಿನವೇ ಮುಗಿಯುವುದೆಂದು ಎಣಿಸಿ ಹೊರಡಬೇಡಿ.

ಅರ್ಜಿ ತುಂಬಿಸಲು ಊರಿನಲ್ಲಿಯೇ ಕೇಳಬೇಕಾದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಜನ ಇವರನ್ನು ವಿ.ಆರ್‌.ಡಬ್ಲ್ಯೂ., ಎಂ.ಆರ್‌.ಡಬ್ಲ್ಯೂ. ಎಂದೇ ಕರೆಯುತ್ತಾರೆ. ಸ್ವಂತ ಉದ್ಯೋಗಕ್ಕೆ ಸಾಲ ಮತ್ತು ಸಹಾಯಧನ ನೀಡುವ ಆಧಾರ ಯೋಜನೆಯ ಮಾಹಿತಿಯೂ ವಿಕಲಚೇತನರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ಹೆಚ್ಚಿನ ನೆರವು ಬೇಕಾದವರ ತರಬೇತಿಗೆ ಸುಂಟಿಕೊಪ್ಪದ ಸ್ವಸ್ಥ ಸಂಸ್ಥೆಯನ್ನು ವಿಚಾರಿಸಬಹುದು. ಇನ್ನೊಂದು ಮಾತು: 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ ಇರುವ ವಯಸ್ಕರಿಗೆ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸುವ ವ್ಯವಸ್ಥೆ ಇದೆಯಾದರೂ, ಕೆಲಸಕ್ಕೆ ಸೇರಲು ಅದು ಬೇಕೇ ಬೇಕೆಂದು ತಿಳಿದು ಅವಸರಪಡುವವರನ್ನು ಕಂಡಿದ್ದೇನೆ. ಬೇಕಿಲ್ಲ.

ಪ್ರಮಾಣಪತ್ರ ಮಾಡಿಸಿಕೊಳ್ಳುವುದೋ ಬೇಡವೋ ಎಂಬುದು ನಿಮ್ಮ ಆಯ್ಕೆ. ಮದುವೆಯ ಮಾತಿಗೆ ಅಡ್ಡಿಯಾಗುತ್ತದೆಂದು ಮನೆಯವರು ಹಿಂಜರಿಯುವುದು ನಮ್ಮಲ್ಲಿ ಸಾಮಾನ್ಯ. ಕಪಾಟಿನಲ್ಲಿ ಮಡಿಸಿಟ್ಟ ಕಾಗದ ಯಾರಿಗೂ ಅಡ್ಡಿಯಾಗುವುದಿಲ್ಲ, ಬೇಕಾದ ದಿನ ಮಾತ್ರ ಹೊರತೆಗೆಯಬಹುದು ಎಂಬುದು ನನ್ನ ಅನುಭವ.

ಕೆಲಸ ಕೇಳುವಾಗ

ಇಲ್ಲಿ ಕೆಲಸಗಳು ಜಾಹೀರಾತಿಗಿಂತ ಹೆಚ್ಚಾಗಿ ಬಾಯಿಮಾತಿನಲ್ಲಿ ಸಾಗುತ್ತವೆ. ಅದನ್ನು ಶಪಿಸುವುದರ ಬದಲು ಉಪಯೋಗಿಸಿಕೊಳ್ಳಬೇಕು. ಊರಿನ ಸಹಕಾರ ಸಂಘದ ಕಾರ್ಯದರ್ಶಿ, ನಿಮಗೆ ಪಾಠ ಹೇಳಿದ ಮೇಷ್ಟ್ರು, ಗೊಬ್ಬರದ ಅಂಗಡಿಯವರು ಇವರಲ್ಲಿ ಒಬ್ಬರಾದರೂ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡಿರುವಂತೆ ನೋಡಿಕೊಳ್ಳಿ. ‘ಒಳ್ಳೆಯ ಹುಡುಗ’ ಎಂಬ ಶಿಫಾರಸಿಗಿಂತ ‘ನಮ್ಮ ಸ್ಟಾಕು ಪುಸ್ತಕವನ್ನು ಇವನೇ ಸರಿಮಾಡಿಕೊಟ್ಟದ್ದು’ ಎಂಬ ಒಂದು ವಾಕ್ಯ ಹೆಚ್ಚು ದೂರ ಹೋಗುತ್ತದೆ. ಭೇಟಿಗೆ ಹೋಗುವಾಗ ನೀವು ಮಾಡಿದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ: ಬರೆದ ಲೆಕ್ಕದ ಪುಟ, ಬೆಳೆಸಿದ ಗಿಡದ ಚೀಲ, ವಿಂಗಡಿಸಿದ ಕಾಳುಮೆಣಸಿನ ಮಾದರಿ. ಮೇಜಿನ ಮೇಲೆ ವಸ್ತುವಿದ್ದರೆ ಮಾತು ಅದರ ಸುತ್ತ ನಡೆಯುತ್ತದೆ, ನಿಮ್ಮ ಕಣ್ಣು ಎಲ್ಲಿ ನೋಡುತ್ತಿದೆಯೆಂದು ಯಾರೂ ಗಮನಿಸುವುದಿಲ್ಲ.

‘ಯಾರ ಮನೆಯವರು’ ಎಂಬ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಿ. ಊರು, ಮನೆ, ಅಪ್ಪ ಅಥವಾ ಅಜ್ಜನ ಹೆಸರು, ಅವರಿಗೆ ತಿಳಿದಿರಬಹುದಾದ ಒಬ್ಬ ಸಂಬಂಧಿಕರು: ಇಷ್ಟನ್ನು ಮೂರು ವಾಕ್ಯದಲ್ಲಿ ಹೇಳಿ, ‘ಕೆಲಸದ ವಿಚಾರ ತಿಳಿದುಕೊಂಡು ಹೋಗೋಣವೆಂದು ಬಂದೆ’ ಎಂದರೆ ಮಾತು ತಾನಾಗಿ ತಿರುಗುತ್ತದೆ. ಮನೆಯ ಹಿರಿಯರೊಬ್ಬರು ಜೊತೆಗೆ ಬಂದು ಆ ಮೊದಲ ಕಾಲು ಗಂಟೆಯನ್ನು ನಡೆಸಿಕೊಟ್ಟು ಅಂಗಳಕ್ಕೆ ಹೋಗಿ ನಿಲ್ಲುವುದು ನನಗೆ ತಿಳಿದ ಅತ್ಯುತ್ತಮ ಉಪಾಯ. ಹಿರಿಯರು ಅಂಗಳಕ್ಕೆ ಹೋಗದೆ ಕೊನೆಯವರೆಗೂ ಕೂತು ಎಲ್ಲ ಪ್ರಶ್ನೆಗಳಿಗೂ ತಾವೇ ಉತ್ತರ ಕೊಟ್ಟರೆ ಕೆಲಸ ಸಿಗುವುದು ಅವರಿಗೆ.

ಆಟಿಸಂ ಇದೆಯೆಂದು ಹೇಳಬೇಕೇ? ಹೆಸರನ್ನು ಹೇಳಲೇಬೇಕಾಗಿಲ್ಲ, ಬೇಕಾದ ಅನುಕೂಲವನ್ನು ಹೇಳಲೇಬೇಕು. ‘ಆಟಿಸಂ’ ಎಂಬ ಪದ ಕೇಳಿದ ಮಾಲೀಕರು ಟಿ.ವಿ.ಯಲ್ಲಿ ಕಂಡ ಯಾವುದೋ ಮಗುವನ್ನು ನೆನೆಸಿಕೊಳ್ಳುತ್ತಾರೆ. ‘ಹೇಳಿದ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ನಾನು ಒಂದನ್ನೂ ಬಿಡುವುದಿಲ್ಲ, ಮೂವರು ಒಟ್ಟಿಗೆ ಹೇಳಿದರೆ ಗೊಂದಲವಾಗುತ್ತದೆ’ ಎಂದರೆ ಚೀಟಿಯನ್ನು ನೆನೆಸಿಕೊಳ್ಳುತ್ತಾರೆ. ದೊಡ್ಡ ಸಂಸ್ಥೆಯಾದರೆ ಲೆಕ್ಕ ಬೇರೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ಅಂಗವಿಕಲ ನೌಕರರಿಗೆ ಒದಗಿಸುವ ಸೌಲಭ್ಯಗಳನ್ನು ತನ್ನ ಸಮಾನ ಅವಕಾಶ ನೀತಿಯಲ್ಲಿ ಬರೆದು ಪ್ರಕಟಿಸಬೇಕೆಂದು 2016ರ ಕಾಯ್ದೆಯಡಿಯ 2017ರ ನಿಯಮಗಳು ಹೇಳುತ್ತವೆ. ಅಂಥ ಕಡೆ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಲಿಖಿತವಾಗಿಯೇ ಕೇಳುವುದು ಸರಿ.

ಒಪ್ಪಿಕೊಳ್ಳುವ ಮೊದಲು ಒಂದು ವಾರ ಪರೀಕ್ಷಾರ್ಥವಾಗಿ ಕೆಲಸ ಮಾಡುತ್ತೇನೆಂದು ಕೇಳಿ, ಆ ವಾರಕ್ಕೂ ಕೂಲಿ ನಿಗದಿ ಮಾಡಿಕೊಳ್ಳಿ. ಕೊಯ್ಲಿನ ಬಿರುಸಿನಲ್ಲಿ, ಅಂದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಹೊಸಬರಿಗೆ ತಾಳ್ಮೆಯಿಂದ ಕಲಿಸುವ ಬಿಡುವು ಯಾರಿಗೂ ಇರುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಸೇರಿದರೆ ಕೊಯ್ಲು ಬರುವ ಹೊತ್ತಿಗೆ ಜಾಗ, ಜನ, ಕ್ರಮ ಪರಿಚಯವಾಗಿರುತ್ತದೆ.

ಸಂಬಳದ ವಿಚಾರದಲ್ಲಿ ಅತ್ಯಂತ ಹೆಚ್ಚು ಅನ್ಯಾಯ ನಡೆಯುವುದು ಹೊರಗಿನವರ ಬಳಿಯಲ್ಲ, ‘ನಮ್ಮದೇ ತೋಟ’ದಲ್ಲಿ. ಓದು ಮುಗಿಸಿದ ಮಗ ಅಥವಾ ಮಗಳು ಮನೆಯ ತೋಟದಲ್ಲಿ ವರ್ಷಗಟ್ಟಲೆ ನೀರು ಬಿಟ್ಟು, ಕಾಫಿ ಒಣಗಿಸಿ, ದನ ನೋಡಿಕೊಂಡಿದ್ದರೂ ‘ಅವನಿಗೇನು ಖರ್ಚಿದೆ, ಊಟ ಬಟ್ಟೆ ನಾವೇ ಕೊಡುತ್ತೇವಲ್ಲ’ ಎಂಬ ಮಾತಿನಲ್ಲಿ ಅವರ ದುಡಿಮೆ ಕರಗಿಹೋಗುತ್ತದೆ. ನಾಳೆ ತೋಟ ಪಾಲಾದಾಗ ಅವರ ಬಳಿ ಅನುಭವದ ಒಂದು ಕಾಗದವೂ ಇರುವುದಿಲ್ಲ, ಬ್ಯಾಂಕಿನಲ್ಲಿ ಹಣವೂ ಇರುವುದಿಲ್ಲ. ಮನೆಯ ತೋಟದಲ್ಲಿ ಕೆಲಸ ಮಾಡುವುದಾದರೆ ತೋಟದ ಕಾರ್ಮಿಕರಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಪ್ರತಿ ತಿಂಗಳೂ ಅವರ ಹೆಸರಿನ ಖಾತೆಗೆ ಹಣ ಹಾಕಿ, ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನೂ ಬರೆಯಿರಿ ಎಂದು ಮನೆಯವರನ್ನು ಕೇಳಿಕೊಳ್ಳುತ್ತೇನೆ.

ಸೇರಿದ ಮೇಲೆ

ಮೊದಲ ತೊಡಕು ಮಾತಿನದು. ‘ಒಂದು ನಾಲ್ಕು ಮೂಟೆ ಇಳಿಸಿಡು’ ಎಂದರೆ ನಾಲ್ಕೂ ಆಗಬಹುದು, ಆರೂ ಆಗಬಹುದು. ‘ನೋಡೋಣ’ ಎಂದರೆ ಹೆಚ್ಚಿನ ಸಲ ಆಗುವುದಿಲ್ಲವೆಂದೇ ಅರ್ಥ. ‘ಆಮೇಲೆ ಮಾಡಿದರಾಯಿತು’ ಎಂಬುದು ಕೆಲವರ ಬಾಯಲ್ಲಿ ಮಧ್ಯಾಹ್ನ, ಕೆಲವರ ಬಾಯಲ್ಲಿ ಮುಂದಿನ ತಿಂಗಳು. ಅಕ್ಷರಶಃ ಅರ್ಥ ಮಾಡಿಕೊಳ್ಳುವ ನಮ್ಮಂಥವರು ‘ನಾಲ್ಕೇ ಮೂಟೆಯೋ, ಹೆಚ್ಚು ಬೇಕೋ?’, ‘ಎಷ್ಟು ಗಂಟೆಯೊಳಗೆ?’ ಎಂದು ಮರುಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಎದುರುತ್ತರವೆಂದು ಯಾರೂ ತಪ್ಪು ತಿಳಿಯದಂತೆ, ಹೀಗೆ ಕೇಳುವುದು ನನ್ನ ಕ್ರಮವೆಂದು ಮೊದಲ ದಿನವೇ ಹೇಳಿಟ್ಟರೆ ಒಳ್ಳೆಯದು. ಇದಕ್ಕೆ ಭಾಷೆಗಳ ಗೋಜಲೂ ಸೇರುತ್ತದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ಮಲಯಾಳ, ತಮಿಳು, ಯರವರ ಮಾತು, ಈಚೆಗೆ ಅಸ್ಸಾಮಿನಿಂದ ಬಂದವರ ಜೊತೆ ಹಿಂದಿ. ನಿಮಗೆ ಅಪ್ಪಣೆ ಕೊಡುವವರು ಒಬ್ಬರೇ ಆಗಿರಲಿ, ಒಂದೇ ಭಾಷೆಯಲ್ಲಿ ಇರಲಿ ಎಂದು ಕೇಳಿಕೊಳ್ಳುವುದು ದೊಡ್ಡ ಬೇಡಿಕೆಯೇನಲ್ಲ.

ಸದ್ದಿಗೆ ಇಯರ್‌ಮಫ್, ಬಿಸಿಲಿಗೆ ಟೊಪ್ಪಿ, ಊಟಕ್ಕೆ ಗುಂಪಿನಿಂದ ಸ್ವಲ್ಪ ದೂರದ ಜಾಗ ಇವುಗಳಿಗೆ ಅನುಮತಿ ಪಡೆದುಕೊಳ್ಳುವುದು ಕಷ್ಟವಲ್ಲ. ಒಂಟಿಯಾಗಿ ಊಟ ಮಾಡಿದರೆ ಸೊಕ್ಕು ಎನ್ನುವವರು ಇರುತ್ತಾರೆ. ವಾರಕ್ಕೊಮ್ಮೆ ಮನೆಯಿಂದ ಉಪ್ಪಿನಕಾಯಿಯೋ ಕಿತ್ತಳೆಯೋ ತಂದು ಹಂಚಿದರೆ ಆ ಮಾತು ಅಡಗುತ್ತದೆ. ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳು ಬಂದಾಗ ಕೆಲಸದ ಕ್ರಮ ಇದ್ದಕ್ಕಿದ್ದಂತೆ ನಿಂತುಹೋಗುವುದರಿಂದ ವರ್ಷದ ಆರಂಭದಲ್ಲಿಯೇ ರಜೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿಕೊಳ್ಳಿ.

ನೋಟ್‌ಬುಕ್ಕನ್ನು ಮುಂದುವರಿಸಿ. ಕೆಲಸ ಮುಗಿಸಿ ಬಂದು ಒಂದು ಗಂಟೆ ಮಾತಿಲ್ಲದೆ ಕೂತರೆ ಚೇತರಿಸಿಕೊಳ್ಳುವುದು ಸಹಜ. ಭಾನುವಾರ ಇಡೀ ದಿನ ಮಲಗಿದರೂ ಚೇತರಿಕೆಯಾಗದಿದ್ದರೆ, ಮಾತು ಕಡಿಮೆಯಾಗುತ್ತಾ ಬಂದರೆ, ಮೊದಲು ಸಹಿಸುತ್ತಿದ್ದ ಸದ್ದು ಈಗ ಸಹಿಸದಂತಾದರೆ, ಕೆಲಸ ಬಿಡುವ ಮಾತಿಗೆ ಮುಂಚೆ ಗಂಟೆಗಳನ್ನು ಕಡಿಮೆ ಮಾಡಿಕೊಡುವಂತೆ ಕೇಳಬೇಕು. ನಾನು ಎಂಟು ತಿಂಗಳು ಕೇಳದೆ ಇದ್ದೆ.

ಕೊನೆಯದು ದಾರಿ. ಒಂದೇ ದಾರಿಯಲ್ಲಿ ಒಂದೇ ಸಮಯಕ್ಕೆ ಹೋಗುವುದು ನಮ್ಮಲ್ಲಿ ಹಲವರಿಗೆ ನೆಮ್ಮದಿ ಕೊಡುವ ಕ್ರಮ; ಕೊಡಗಿನಲ್ಲಿ ಅದೇ ಕ್ರಮ ಅಪಾಯವೂ ಆಗಬಹುದು. ತೋಟದೊಳಗೆ ಆನೆ ಬಂದಿದೆಯೆಂಬ ಸುದ್ದಿ ಬೆಳಿಗ್ಗೆ ಆರಕ್ಕೆ ವಾಟ್ಸ್‌ಆ್ಯಪಿನಲ್ಲಿ ಬಂದಾಗ, ‘ನನ್ನ ದಾರಿ ಇದೇ’ ಎಂದು ಹೊರಟುಬಿಡುವ ಸ್ವಭಾವ ನನಗಿತ್ತು. ಈಗ ಮೂರು ದಾರಿಗಳನ್ನು ಬರೆದಿಟ್ಟುಕೊಂಡಿದ್ದೇನೆ: ಮಾಮೂಲಿನದು, ಆನೆ ಇದ್ದ ದಿನದ್ದು, ಮಳೆಗೆ ರಸ್ತೆ ಮುಚ್ಚಿದ ದಿನದ್ದು. ಮೂರನ್ನೂ ಕೆಲಸಕ್ಕೆ ಸೇರುವ ಮೊದಲೇ ಎರಡೆರಡು ಸಲ ನಡೆದು ನೋಡಿದ್ದರಿಂದ ಯಾವುದೂ ಹೊಸದೆನಿಸುವುದಿಲ್ಲ. ಮೂರೂ ಸಾಧ್ಯವಿಲ್ಲದ ದಿನ ಯಾರಿಗೆ ಫೋನ್ ಮಾಡಿ ಏನು ಹೇಳಬೇಕೆಂಬ ಎರಡು ಸಾಲನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದು, ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಳ್ಳುತ್ತೇನೆ.